ಧರ್ಮಸಭೆಯ ಹೊಸ್ತಿಲಲ್ಲಿ ಲಿಂಗತ್ವ ಅಲ್ಪಸಂಖ್ಯಾತರು

ಜೆರುಸಲೇಮಿನಿಂದ ಗಾಜಾಕ್ಕೆ ಇಳಿದುಹೋಗುವ ದಾರಿಯಲ್ಲಿ ಇಥಿಯೋಪಿಯದ ಕಂಚುಕಿಯೊಬ್ಬನಿಗೆ ಫಿಲಿಪ್ಪನು ದೀಕ್ಷಾಸ್ನಾನವಿತ್ತ ಪ್ರಸಂಗವನ್ನು ಪ್ರೇಷಿತರ ಕಾರ್ಯಕಲಾಪಗಳ 8ನೆಯ ಅಧ್ಯಾಯದಲ್ಲಿ ನಾವೆಲ್ಲರೂ ಓದಿದ್ದೇವೆ. ಆತನು ರಾಣಿಯ ಖಜಾನೆಯ ಅಧಿಕಾರಿ. ಆರಾಧನೆಗೆಂದು ಬಹುದೂರದಿಂದ ಬಂದವನು. ಆದರೆ ಮೋಶೆಯ ಧರ್ಮಶಾಸ್ತ್ರವು ಪುರುಷತ್ವ ಕಳೆದುಕೊಂಡವನಿಗೆ ದೇವಜನರ ಸಭೆಯಲ್ಲಿ ಸ್ಥಾನವಿಲ್ಲವೆಂದು ವಿಧಿಸಿತ್ತು. ಅಂಥವರಿಗೂ ದೇವರ ಆಲಯದಲ್ಲಿ ಅಳಿಯದ ಹೆಸರು ದೊರೆಯುವುದೆಂದು ಸಾರಿದವನು ಯೆಶಾಯ ಪ್ರವಾದಿ. ಕಂಚುಕಿಯ ಕೈಯಲ್ಲಿದ್ದುದೂ ಅದೇ ಪ್ರವಾದಿಯ ಗ್ರಂಥ! ದಾರಿಯಲ್ಲಿ ನೀರನ್ನು ಕಂಡು, ತನಗೇನು ಅಡ್ಡಿಯೆಂದು ಆತನು ಕೇಳಿದಾಗ ಫಿಲಿಪ್ಪನು ಅಡ್ಡಿಗಳನ್ನು ಎಣಿಸುತ್ತ ಕೂರದೆ ನೀರಿಗಿಳಿದನು.

ಅಂದಿನ ಕಂಚುಕಿಗಳೂ ಇಂದಿನ ಲಿಂಗತ್ವ ಅಲ್ಪಸಂಖ್ಯಾತರೂ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ಹೊಸ್ತಿಲಲ್ಲಿ ನಿಂತು ಅವರು ಕೇಳುವ ಪ್ರಶ್ನೆ ಅದೇ ಆಗಿದೆ. ನಮ್ಮ ದೇಶದಲ್ಲಿ ಬ್ರಿಟಿಷ್ ಸರ್ಕಾರದ 1871ರ ಕಾಯಿದೆಯೊಂದು ಹಿಜಡಾ ಸಮುದಾಯದವರನ್ನು ಸಂಶಯದ ಪಟ್ಟಿಗೆ ಸೇರಿಸಿ, ಪಟ್ಟಿಯಲ್ಲಿದ್ದವರು ಸ್ತ್ರೀವೇಷದಲ್ಲಿ ಬೀದಿಗೆ ಬರುವುದನ್ನೂ ಶಿಕ್ಷಾರ್ಹವೆಂದಿತು. ಆ ಕಳಂಕದ ನೆರಳು ಬಹುಕಾಲ ಉಳಿಯಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಇವರನ್ನು ತೃತೀಯ ಲಿಂಗಿಗಳೆಂದು ಮಾನ್ಯ ಮಾಡಿತು. 2021ರಲ್ಲಿ ಕರ್ನಾಟಕ ಸರ್ಕಾರವು ತನ್ನ ನೌಕರಿಗಳಲ್ಲಿ ಶೇಕಡಾ 1ರಷ್ಟು ಮೀಸಲಾತಿ ನೀಡಿತು.

ಇನ್ನು ಧರ್ಮಸಭೆಯ ಮಾತು. ರೋಮ್ ನಗರದ ದಕ್ಷಿಣಕ್ಕೆ, ಸಮುದ್ರತೀರದಲ್ಲಿ ತೋರ್ವಾಯಾನಿಕಾ ಎಂಬ ಊರಿದೆ. 2020ರಲ್ಲಿ ಕೊರೊನಾ ವ್ಯಾಧಿಯಿಂದ ಇಟಲಿ ಸ್ತಬ್ಧವಾದಾಗ, ಅಲ್ಲಿ ದೇಹ ಮಾರಿ ಬದುಕುತ್ತಿದ್ದ, ಬಹುಪಾಲು ಲ್ಯಾಟಿನ್ ಅಮೆರಿಕದಿಂದ ವಲಸೆ ಬಂದಿದ್ದ ಲಿಂಗಪರಿವರ್ತಿತ ಸ್ತ್ರೀಯರು ಅನ್ನವಿಲ್ಲದೆ ಚರ್ಚಿನ ಬಾಗಿಲಿಗೆ ಬಂದರು. ವಿಚಾರಣಾ ಗುರುಗಳಾದ ಫಾದರ್ ಆಂದ್ರೆಯಾ ಕೊನೊಕಿಯಾ ಅವರು ಮೊದಲು ಆಹಾರವನ್ನಿತ್ತು, ವ್ಯಾಟಿಕನ್ನಿನ ನೆರವನ್ನು ಕೋರಿದರು. ಜಗದ್ಗುರುಗಳ ದಾನಾಧಿಕಾರಿಯಾಗಿದ್ದ ಕಾರ್ಡಿನಲ್ ಕ್ರಾಯೆವ್‌ಸ್ಕಿಯವರು ಹಣ ಕಳುಹಿಸಿದರು. 2023ರ ನವೆಂಬರ್ 19ರಂದು, ಬಡವರ ವಿಶ್ವದಿನದಂದು, ಇವರಲ್ಲಿ ಹಲವರು ಜಗದ್ಗುರು ಫ್ರಾನ್ಸಿಸರೊಡನೆ ಅದೇ ಸಭಾಂಗಣದಲ್ಲಿ ಭೋಜನಕ್ಕೆ ಕುಳಿತರು. 2025ರ ಏಪ್ರಿಲ್ 26ರಂದು ಜಗದ್ಗುರುಗಳ ಪಾರ್ಥಿವ ಶರೀರವು ಸಾಂತಾ ಮಾರಿಯಾ ಮಜ್ಜೋರೆ ಮಹಾದೇವಾಲಯಕ್ಕೆ ಬಂದಾಗ, ಮೆಟ್ಟಿಲುಗಳ ಮೇಲೆ ನಿಂತು ಬರಮಾಡಿಕೊಂಡ ದೀನರ ಗುಂಪಿನಲ್ಲಿಯೂ ಲಿಂಗತ್ವ ಅಲ್ಪಸಂಖ್ಯಾತರಿದ್ದರು.

ಇದು ಕೇವಲ ಅನ್ನದಾನದ ಕಥೆಯಲ್ಲ. ಬ್ರೆಜಿಲ್ ದೇಶದ ಧರ್ಮಾಧ್ಯಕ್ಷರೊಬ್ಬರ ಪ್ರಶ್ನೆಗಳಿಗೆ ಉತ್ತರವಾಗಿ ವ್ಯಾಟಿಕನ್ನಿನ ವಿಶ್ವಾಸ ಬೋಧನಾ ಪೀಠವು 2023ರ ಅಕ್ಟೋಬರ್ 31ರಂದು, ಭಕ್ತಜನರಲ್ಲಿ ಬಹಿರಂಗ ಅಪಚಾರಕ್ಕೆ ಎಡೆಯಿಲ್ಲದಿದ್ದರೆ ಇತರ ವಿಶ್ವಾಸಿಗಳಂತೆಯೇ ಇವರೂ ದೀಕ್ಷಾಸ್ನಾನ ಪಡೆಯಬಹುದೆಂದೂ, ವಿವಾಹಕ್ಕೆ ಸಾಕ್ಷಿಗಳಾಗಬಹುದೆಂದೂ ತಿಳಿಸಿತು. ಅದೇ ಪೀಠವು 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ‘ಅನಂತ ಘನತೆ’ ಎಂಬ ಘೋಷಣೆಯಲ್ಲಿ ಲಿಂಗ ಬದಲಾವಣೆಯನ್ನು ಒಪ್ಪದೆ, ದೇಹವು ದೇವರ ವರವೆಂಬ ಬೋಧನೆಯನ್ನು ಪುನರುಚ್ಚರಿಸಿತು. ಪ್ರತಿ ಮಾನವನ ಘನತೆಯೂ ಎಂದೂ ಅಳಿಯದೆಂಬುದೇ ಅದರ ತಳಹದಿ. ಈ ಎರಡನ್ನೂ ಒಟ್ಟಿಗೆ ಹಿಡಿದು ನಡೆಯುವುದು ಸುಲಭವಲ್ಲ. ಬೋಧನೆಯ ಭಾಗ ತಮ್ಮನ್ನು ನೋಯಿಸಿತೆಂದು ಅವರಲ್ಲಿ ಅನೇಕರು ಹೇಳಿದ್ದಾರೆ; ಬಾಗಿಲು ತೀರ ಅಗಲವಾಯಿತೆಂದು ಗೊಣಗಿದ ವಿಶ್ವಾಸಿಗಳೂ ಇದ್ದಾರೆ.

ಆದರೆ ಕೈಹಿಡಿಯುವುದಕ್ಕೆ ವಾದ ಮುಗಿಯುವವರೆಗೆ ಕಾಯಬೇಕಾಗಿಲ್ಲ. ನೆರೆಯ ಕೊಚ್ಚಿಯಲ್ಲಿ 2016ರ ಡಿಸೆಂಬರಿನಲ್ಲಿ, ಅರ್ಧದಲ್ಲಿಯೇ ಶಾಲೆ ತೊರೆದ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ‘ಸಹಜ್’ ಎಂಬ ವಿದ್ಯಾಕೇಂದ್ರವು ಆರಂಭವಾದಾಗ ಅದಕ್ಕೆ ಸ್ಥಳವನ್ನಿತ್ತವರು ಕಾರ್ಮೆಲ್ ಮಾತೆಯ ಸಭೆಯ ಕನ್ಯಾಸ್ತ್ರೀಯರು.

ಪ್ರಿಯ ಕ್ರೈಸ್ತ ಬಾಂಧವರೇ, ಇಂತಹ ಮಕ್ಕಳು ಕ್ರೈಸ್ತ ಕುಟುಂಬಗಳಲ್ಲಿಯೂ ಹುಟ್ಟುತ್ತಾರೆ. ನೆರೆಹೊರೆಯ ನಗೆಗೆ ಅಂಜಿ ಅವರನ್ನು ಮನೆಯಿಂದ ಹೊರಗಟ್ಟಿದರೆ ಅವರಿಗೆ ಉಳಿಯುವುದು ಬೀದಿಯೊಂದೇ. ಶತಮಾನ ಕಂಡ ದೇವಾಲಯದ ಕಲ್ಲುಗಂಬಗಳು ಎಷ್ಟೇ ಭದ್ರವಾಗಿದ್ದರೂ, ದಿವ್ಯ ಬಲಿಪೂಜೆಗೆ ಬಂದ ಒಬ್ಬರ ಪಕ್ಕದಿಂದ ನಾವು ಎದ್ದು ಸರಿದು ಕುಳಿತರೆ ಆ ಭದ್ರತೆಯಿಂದ ಫಲವೇನು? ಎರಡನೆಯ ಶತಮಾನಕ್ಕೆ ಕಾಲಿಡುವ ಈ ಧರ್ಮಕೇಂದ್ರದಲ್ಲಿ ಯಾರೊಬ್ಬರೂ ತಮಗೇನು ಅಡ್ಡಿಯೆಂದು ಕೇಳುತ್ತ ಹೊರಗೆ ನಿಲ್ಲದಂತಾಗಲಿ ಎಂದು ಪ್ರಭುವನ್ನು ಪ್ರಾರ್ಥಿಸುತ್ತೇವೆ.