ರೈಟ್ ಕ್ಲಿಕ್‌ಗೆ ಬೀಗ ಹಾಕಿದ ಕಥೆ

ಭಾಗ 1/8 🖱️

ವೆಬ್‌ಸೈಟ್‌ನಲ್ಲಿ ಒಂದು ಒಳ್ಳೆ ಫೋಟೊ ಕಾಣುತ್ತೆ. ಸೇವ್ ಮಾಡೋಣ ಅಂತ ರೈಟ್ ಕ್ಲಿಕ್ ಮಾಡ್ತೀರಿ. ಮೆನು ಬರಲ್ಲ. ಇಲ್ಲಾಂದ್ರೆ ಒಂದು ಡಬ್ಬಿ ಧುತ್ತಂತ ಎದ್ದು ನಿಂತು "ಇಲ್ಲಿ ರೈಟ್ ಕ್ಲಿಕ್ ಮಾಡುವಂತಿಲ್ಲ" ಅನ್ನುತ್ತೆ. ಎಲ್ಲರಿಗೂ ಆಗಿರೋ ಅನುಭವ ತಾನೇ?

ಈ ಪುಟ್ಟ ಬೀಗಕ್ಕೂ ಒಂದು ಇತಿಹಾಸ ಇದೆ. ಅದರಲ್ಲಿ ಲಂಡನ್‌ನ ವಕೀಲರಿದ್ದಾರೆ, ಹಾಲು ಸುರಿಯೋ ಹೆಂಗಸೊಬ್ಬಳಿದ್ದಾಳೆ, ನಮ್ಮ ಹಂಪಿಯ ಕಲ್ಲಿನ ರಥ ಇದೆ, ಮುಖ ತೋರಿಸೋಕೆ ಹೆದರಿದ ಹುಡುಗಿಯರಿದ್ದಾರೆ. ಇವರೆಲ್ಲರ ಹಿಂದೆ ಇರೋದು ಒಂದೇ ಪ್ರಶ್ನೆ: ಕಣ್ಣಿಗೆ ಕಂಡ ಚಿತ್ರವನ್ನ ಕೈಗೆ ತಗೊಳ್ಳೋ ಹಕ್ಕು ಯಾರಿಗಿದೆ?

ಮೊದಲಿಂದ ಶುರು ಮಾಡೋಣ. 1993ರ ಫೆಬ್ರವರಿ 25. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಾರ್ಕ್ ಆಂಡ್ರೀಸನ್, ವಯಸ್ಸು 21. ವೆಬ್ ಪುಟದೊಳಗೇ ಚಿತ್ರ ತೋರಿಸೋಕೆ 'ಐಎಂಜಿ' ಅನ್ನೋ ಹೊಸ ಟ್ಯಾಗ್ ಇರಲಿ ಅಂತ ಅವನು ಸೂಚಿಸಿದ. ಅಲ್ಲಿಯವರೆಗೆ ಹೆಚ್ಚಿನ ಬ್ರೌಸರ್‌ಗಳಲ್ಲಿ ಚಿತ್ರ ಬೇರೆ ಕಿಟಕಿಯಲ್ಲಿ ತೆರೆದುಕೊಳ್ತಿತ್ತು. ಅದೇ ವರ್ಷ ಅವನ ತಂಡದ 'ಮೊಸಾಯಿಕ್' ಬ್ರೌಸರ್ ಬಂತು. ಅಕ್ಷರದ ಪಕ್ಕದಲ್ಲೇ ಚಿತ್ರ ಬಂದು ಕೂತ್ಕೊಂಡ್ತು. ಜಾಲ ಸಾಮಾನ್ಯ ಜನರಿಗೆ ಹಿಡಿಸೋಕೆ ಇದೂ ಒಂದು ದೊಡ್ಡ ಕಾರಣ.

ಭಾಗ 2/8 🔒

ಚಿತ್ರ ಬಂದ ಮೇಲೆ ನಕಲೂ ಬಂತು. ವಿಂಡೋಸ್ 95 ಬಂದಾಗಿನಿಂದ ಮೌಸ್‌ನ ಬಲಗುಂಡಿ ಒತ್ತೋದು ಜನರಿಗೆ ರೂಢಿ ಆಗೋಯ್ತು. ಒತ್ತಿ, ಸೇವ್ ಮಾಡಿ, ಮುಗೀತು. ಚಿತ್ರ ಬರೆದವರ, ಫೋಟೊ ತೆಗೆದವರ ಹೆಸರೂ ಇಲ್ಲದೆ ಅದೇ ಚಿತ್ರ ಇನ್ನೊಬ್ಬರ ಪುಟದಲ್ಲಿ ಕಾಣ್ತಿತ್ತು. ಅವರಿಗೆ ಸಿಟ್ಟು ಬಂದಿದ್ದು ಸಹಜವೇ.

ಅದೇ 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಅನ್ನೋರು ಹತ್ತೇ ದಿನದಲ್ಲಿ ಒಂದು ಭಾಷೆಯ ಮೊದಲ ರೂಪ ಬರೆದ್ರು. ಅದೇ ಇವತ್ತಿನ ಜಾವಾಸ್ಕ್ರಿಪ್ಟ್. ಪುಟಕ್ಕೆ ಜೀವ ತುಂಬೋಕೆ ಅಂತ ಹುಟ್ಟಿದ ಈ ಭಾಷೆಯನ್ನೇ ಜನ ಬೀಗ ಮಾಡ್ಕೊಂಡ್ರು. "ಬಲಗುಂಡಿ ಒತ್ತಿದ್ರೆ ಮೆನು ಕೊಡಬೇಡ, ಎಚ್ಚರಿಕೆ ಕೊಡು" ಅಂತ ಹೇಳೋಕೆ ನಾಲ್ಕೈದು ಸಾಲು ಸಾಕಿತ್ತು. 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಬಂದಾಗ ಮೆನುವನ್ನೇ ತಡೆಯೋ ನೇರ ದಾರಿ ಸಿಕ್ತು. ಆ ಸಾಲುಗಳು ಸೈಟ್‌ನಿಂದ ಸೈಟ್‌ಗೆ ಹರಡಿದ್ದು ಹೇಗೆ ಗೊತ್ತಾ? ಕಾಪಿ-ಪೇಸ್ಟ್‌ನಿಂದ! ನಕಲು ತಡೆಯೋ ಕೋಡ್ ಕೂಡ ನಕಲೇ. 😄

2001ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಇನ್ನೊಂದು ತಮಾಷೆ ಮಾಡ್ತು. ದೊಡ್ಡ ಚಿತ್ರದ ಮೇಲೆ ಮೌಸ್ ಇಟ್ಟರೆ ಸಾಕು, ಸೇವ್ ಮಾಡೋ ಪುಟ್ಟ ಪಟ್ಟಿ ತಾನಾಗೇ ಬರ್ತಿತ್ತು. ಬೇಡ ಅನ್ನೋ ಸೈಟ್‌ಗಳಿಗೆ ಅದನ್ನ ಆಫ್ ಮಾಡೋ ಟ್ಯಾಗ್ ಅನ್ನೂ ಮೈಕ್ರೋಸಾಫ್ಟೇ ಕೊಟ್ಟಿತ್ತು. ಬೀಗ, ಬೀಗದ ಕೈ ಎರಡೂ ಒಂದೇ ಅಂಗಡಿಯಿಂದ.

ಭಾಗ 3/8 🪟

ಈ ಬೀಗ ಯಾಕೆ ನಿಲ್ಲಲ್ಲ? ಇದೊಂದು ವಿಷಯ ಚೆನ್ನಾಗಿ ತಿಳ್ಕೊಳ್ಳಿ, ಉಳಿದಿದ್ದೆಲ್ಲ ಸುಲಭ.

ನಾವು ವೆಬ್‌ಸೈಟನ್ನ ಕಿಟಕಿ ಅಂದ್ಕೊಂಡಿರ್ತೀವಿ. ಚಿತ್ರ ಅಲ್ಲೆಲ್ಲೋ ಇದೆ, ನಾವು ಇಲ್ಲಿಂದ ಇಣುಕಿ ನೋಡ್ತಿದೀವಿ ಅಂತ. ನಿಜ ಹಾಗಿಲ್ಲ. ಚಿತ್ರ ಪರದೆ ಮೇಲೆ ಕಾಣಬೇಕಾದ್ರೆ ಅದರ ಒಂದು ಪ್ರತಿ ಮೊದಲು ನಿಮ್ಮ ಕಂಪ್ಯೂಟರ್‌ಗೆ ಬಂದಿರಲೇಬೇಕು. ನೀವು ನೋಡ್ತಿರೋದೇ ಆ ಪ್ರತಿಯನ್ನ. ಅಂದ್ರೆ ರೈಟ್ ಕ್ಲಿಕ್ ತಡೆಯೋದು, ಪೋಸ್ಟ್ ಮನೆಗೆ ತಲುಪಿದ ಮೇಲೆ ಪೋಸ್ಟ್ ಆಫೀಸಿಗೆ ಬೀಗ ಹಾಕಿದ ಹಾಗೆ.

ಅದಕ್ಕೇ ಸುತ್ತುದಾರಿಗಳು ಮೊದಲಿಂದಲೂ ಇದ್ವು. ಜಾವಾಸ್ಕ್ರಿಪ್ಟ್ ಆಫ್ ಮಾಡಿದ್ರೆ ಬೀಗವೇ ಇಲ್ಲ. ಫೈರ್‌ಫಾಕ್ಸ್‌ನಲ್ಲಿ ಶಿಫ್ಟ್ ಒತ್ತಿ ರೈಟ್ ಕ್ಲಿಕ್ ಮಾಡಿದ್ರೆ ಬ್ರೌಸರ್ ಸೈಟ್‌ನ ಮಾತು ಕೇಳಲ್ಲ, ನಿಮ್ಮ ಮಾತು ಕೇಳುತ್ತೆ. ಸ್ಕ್ರೀನ್‌ಶಾಟ್ ಅಂತೂ ಇದ್ದೇ ಇದೆ.

ಆಮೇಲೆ ಸೈಟ್‌ಗಳು ಬುದ್ಧಿ ಬದಲಾಯಿಸಿದ್ವು. 2004ರಲ್ಲಿ ಶುರುವಾದ ಫ್ಲಿಕರ್, ಫೋಟೊ ಮೇಲೆ ಕಣ್ಣಿಗೆ ಕಾಣದ ಒಂದು ಪಾರದರ್ಶಕ ಚಿತ್ರ ಹಾಸ್ತಿತ್ತು. ಸೇವ್ ಮಾಡಿದವರಿಗೆ ಸಿಗ್ತಿದ್ದಿದ್ದು ಖಾಲಿ ಫೈಲ್! ಇನ್‌ಸ್ಟಾಗ್ರಾಂ ಅನ್ನ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಮೆನು ಬರುತ್ತೆ, ಚಿತ್ರ ಸೇವ್ ಮಾಡೋ ಆಯ್ಕೆ ಮಾತ್ರ ಇರಲ್ಲ. ಅದೇ ಹಳೇ ಉಪಾಯದ ಹೊಸ ರೂಪ.

ಒಟ್ಟಿನಲ್ಲಿ ಇದು ಬೀಗ ಅಲ್ಲ, "ದಯವಿಟ್ಟು ಮುಟ್ಟಬೇಡಿ" ಅನ್ನೋ ಬೋರ್ಡು. ಹಾಗಾದ್ರೆ ಕೇಳಬೇಕಾದ ಪ್ರಶ್ನೆ "ಒಡೆಯೋದು ಹೇಗೆ" ಅಂತಲ್ಲ. ಆ ಬೋರ್ಡು ಹಾಕಿದ್ದು ಯಾರು, ಯಾಕೆ ಅಂತ.

ಭಾಗ 4/8 🏛️

ಬೋರ್ಡು ಹಾಕಿದವರು: ಒಂದು ಮ್ಯೂಸಿಯಂ.

ಲಂಡನ್‌ನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ತನ್ನ ವರ್ಣಚಿತ್ರಗಳನ್ನ ವೆಬ್‌ಸೈಟ್‌ನಲ್ಲಿ ಹಾಕಿತ್ತು. ದೊಡ್ಡ ಗಾತ್ರದಲ್ಲಿ ನೋಡಬಹುದಿತ್ತು, ಆದ್ರೆ ಇಡಿಯಾಗಿ ಸೇವ್ ಮಾಡೋ ಹಾಗಿರಲಿಲ್ಲ. ಚಿತ್ರವನ್ನ ಪುಟ್ಟ ಪುಟ್ಟ ಚೌಕಗಳಾಗಿ ಕತ್ತರಿಸಿ, ನೀವು ಝೂಮ್ ಮಾಡಿದ ಜಾಗದ ಚೌಕ ಮಾತ್ರ ಕಳಿಸೋ ತಂತ್ರಾಂಶ ಅದು. ಡೆರಿಕ್ ಕೊಯೆಟ್ಸಿ ಅನ್ನೋ ಅಮೆರಿಕದ ವಿಕಿಪೀಡಿಯ ಕಾರ್ಯಕರ್ತ ಆ ಚೌಕಗಳನ್ನೆಲ್ಲ ಇಳಿಸಿಕೊಂಡು, ಜೋಡಿಸಿ, 3,000ಕ್ಕೂ ಹೆಚ್ಚು ಚಿತ್ರಗಳನ್ನ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿದ. 2009ರ ಜುಲೈನಲ್ಲಿ ಗ್ಯಾಲರಿಯ ವಕೀಲರಿಂದ ಅವನಿಗೆ ನೋಟಿಸ್ ಬಂತು.

ಎರಡೂ ಕಡೆ ಮಾತು ಇತ್ತು. ಗ್ಯಾಲರಿ ಹೇಳಿದ್ದು: ಈ ಫೋಟೊಗಳನ್ನ ತೆಗೆಸೋಕೆ ನಾವು ದುಡ್ಡು ಸುರಿದಿದೀವಿ, ಅವನ್ನ ಮಾರಿ ಬರೋ ಹಣದಲ್ಲೇ ಮುಂದಿನ ಕೆಲಸ ನಡೀಬೇಕು, ಬ್ರಿಟನ್ ಕಾನೂನಿನ ಪ್ರಕಾರ ಫೋಟೊದ ಹಕ್ಕು ನಮ್ಮದು. ಆ ಕಡೆಯವರು ಹೇಳಿದ್ದು: ಚಿತ್ರ ಬರೆದವರು ಸತ್ತು ನೂರಾರು ವರ್ಷ ಆಗಿದೆ. ಇದ್ದದ್ದನ್ನ ಇದ್ದ ಹಾಗೇ ಫೋಟೊ ತೆಗೆದ ಮಾತ್ರಕ್ಕೆ ಹೊಸ ಹಕ್ಕು ಹೇಗೆ ಹುಟ್ಟುತ್ತೆ? ನ್ಯೂಯಾರ್ಕಿನ ನ್ಯಾಯಾಲಯ 1999ರಲ್ಲೇ, ಬ್ರಿಜ್‌ಮನ್ ಮತ್ತು ಕೋರೆಲ್ ಕಂಪನಿಗಳ ನಡುವಿನ ಪ್ರಕರಣದಲ್ಲಿ, ಹುಟ್ಟಲ್ಲ ಅಂತ ಹೇಳಿತ್ತು.

ಆ ನೋಟಿಸ್ ಕೋರ್ಟಿನ ತೀರ್ಪಿನವರೆಗೆ ಹೋಗಲೇ ಇಲ್ಲ. ಚಿತ್ರಗಳು ಕಾಮನ್ಸ್‌ನಲ್ಲೇ ಉಳಿದ್ವು. 2019ರಲ್ಲಿ ಯುರೋಪಿಯನ್ ಒಕ್ಕೂಟ ಕೂಡ ಒಂದು ನಿಯಮ ತಂತು: ಹಕ್ಕಿನ ಅವಧಿ ಮುಗಿದ ಚಿತ್ರದ ಯಥಾವತ್ ಪ್ರತಿಗೆ, ಅದರಲ್ಲಿ ಸ್ವಂತ ಸೃಷ್ಟಿ ಇಲ್ಲದಿದ್ರೆ, ಹೊಸ ಹಕ್ಕು ಇಲ್ಲ.

ಭಾಗ 5/8 🥛

ಇದೇ ಪ್ರಶ್ನೆಗೆ ಆಮ್‌ಸ್ಟರ್‌ಡ್ಯಾಂನ ರೈಕ್ಸ್ ಮ್ಯೂಸಿಯಂ ಬೇರೆಯದೇ ಉತ್ತರ ಕಂಡುಕೊಳ್ತು.

ಡಚ್ ಕಲಾವಿದ ವರ್ಮೀರ್ 17ನೇ ಶತಮಾನದಲ್ಲಿ ಬರೆದ ಚಿತ್ರ: ಅಡುಗೆಮನೆಯಲ್ಲಿ ನಿಂತು ಪಾತ್ರೆಗೆ ಹಾಲು ಸುರೀತಿರೋ ಹೆಂಗಸು. ಈ ಚಿತ್ರದ ಸುಮಾರು 10,000 ಪ್ರತಿಗಳು ಜಾಲದಲ್ಲಿ ಓಡಾಡ್ತಿರೋದು ಮ್ಯೂಸಿಯಂನವರ ಗಮನಕ್ಕೆ ಬಂತು. ಎಷ್ಟೋ ಪ್ರತಿಗಳು ಹಳದಿ ತಿರುಗಿದ, ಕಳಪೆ ಸ್ಕ್ಯಾನ್‌ಗಳು. ಎಲ್ಲಿವರೆಗೆ ಅಂದ್ರೆ, ಮ್ಯೂಸಿಯಂ ಅಂಗಡಿಯಲ್ಲಿ ಪೋಸ್ಟ್‌ಕಾರ್ಡ್ ನೋಡಿದ ಜನ ಅದರ ಸರಿಯಾದ ಬಣ್ಣವನ್ನೇ ನಂಬ್ತಿರಲಿಲ್ಲ. ಸುಳ್ಳು ಹಳದಿಯೇ ಕಣ್ಣಿಗೆ ಅಭ್ಯಾಸ ಆಗಿತ್ತು!

ಮ್ಯೂಸಿಯಂ ಬೀಗ ಬಿಗಿ ಮಾಡಲಿಲ್ಲ, ಬಾಗಿಲು ತೆರೀತು. 2012ರಲ್ಲಿ 'ರೈಕ್ಸ್ ಸ್ಟುಡಿಯೊ' ಅನ್ನೋ ಜಾಲತಾಣ ಮಾಡಿ 1,25,000 ಚಿತ್ರಗಳನ್ನ ಒಳ್ಳೆ ಗುಣಮಟ್ಟದಲ್ಲಿ ಹಾಕಿ, ತಗೊಳ್ಳಿ, ಬಳಸಿ ಅಂತು. ಕೆಟ್ಟ ನಕಲಿಗೆ ಮದ್ದು ಒಳ್ಳೆ ನಕಲೇ. 2017ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸುಮಾರು 3,75,000 ಚಿತ್ರಗಳನ್ನ, 2020ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ 28 ಲಕ್ಷ ಚಿತ್ರಗಳನ್ನ ಹೀಗೇ ಬಿಟ್ಟುಕೊಟ್ವು. ನಿಮ್ಮ ಪ್ರಾಜೆಕ್ಟ್‌ಗೆ ಚಿತ್ರ ಬೇಕಾದ್ರೆ ಬೀಗ ಹಾಕಿದ ಸೈಟ್ ಮುಂದೆ ಒದ್ದಾಡೋ ಮುಂಚೆ ಇಲ್ಲೆಲ್ಲ ಹುಡುಕಿ. ಇನ್ನೂ ಚೆನ್ನಾಗಿರೋ ಪ್ರತಿ, ಯಾರ ಮುಲಾಜೂ ಇಲ್ಲದೆ, ಸಿಗಬಹುದು.

ಭಾಗ 6/8 🛕

"ನಮಗೂ ಇದಕ್ಕೂ ಏನು ಸಂಬಂಧ?" ಅಂತೀರಾ? ಬನ್ನಿ, ಹಂಪಿಗೆ.

1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಫೋಟೊ ತೆಗೆದ. ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ನೆಗೆಟಿವ್ ಅಂದ್ರೇನೇ ನಕಲಿನ ತಾಯಿ, ಒಂದರಿಂದ ಎಷ್ಟು ಬೇಕಾದ್ರೂ ಪ್ರತಿ ತೆಗೀಬಹುದು. ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಗೊತ್ತಲ್ಲ, ನಮ್ಮ 50 ರೂಪಾಯಿ ನೋಟಿನ ಹಿಂದೆ ಇರೋದು? ಗ್ರೀನ್‌ಲಾ ತೆಗೆದ ಫೋಟೊದಲ್ಲಿ ಆ ರಥದ ತಲೆ ಮೇಲೆ ಇಟ್ಟಿಗೆಯ ಗೋಪುರ ಇದೆ. ಇವತ್ತು ಹೋಗಿ ನೋಡಿದ್ರೆ ಇಲ್ಲ. ಆ ಫೋಟೊ ಉಳಿಯದೇ ಹೋಗಿದ್ರೆ, ರಥ ಮೊದಲಿಂದ ಹೀಗೇ ಬೋಳಾಗಿತ್ತು ಅಂತ ನಾವು ಅಂದ್ಕೊಳ್ತಿದ್ವಿ.

1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳಲ್ಲೇ ನಿಂತು ಮತ್ತೆ ಫೋಟೊ ತೆಗೆದ್ರು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಯಾವುದು ಬಿತ್ತು, ಯಾವುದು ನಿಂತಿದೆ ಅಂತ ಕಂಡಿತು. ಹೋಲಿಸಬೇಕಾದ್ರೆ ಹಳೇ ಫೋಟೊದ ಪ್ರತಿ ಕೈಯಲ್ಲಿ ಇರಬೇಕು. ನೋಡಿ, ಇತಿಹಾಸಕ್ಕೆ ನಕಲು ಅಂದ್ರೆ ಕಳ್ಳತನ ಅಲ್ಲ, ಉಸಿರು.

ಹಳೇ ಧಾರವಾಡ, ವಿಜಯಪುರ, ಹಳೇಬೀಡಿನ ಫೋಟೊಗಳ ಕಥೆಯೂ ಇದೇ. ಬಿಗ್ಸ್, ಪಿಗೌ ಮೊದಲಾದವರು 1850ರ ದಶಕದಲ್ಲಿ ತೆಗೆದ ಫೋಟೊಗಳು 1866ರಲ್ಲಿ ಲಂಡನ್‌ನಲ್ಲಿ ಪುಸ್ತಕವಾಗಿ ಬಂದ್ವು. ಭಾರತದ ಕಾನೂನಿನಲ್ಲಿ ಫೋಟೊದ ಹಕ್ಕು, 2012ರ ತಿದ್ದುಪಡಿಗೆ ಮುಂಚೆ, ಪ್ರಕಟವಾದ ಮೇಲೆ 60 ವರ್ಷ ಇತ್ತು; ಈಗ ಫೋಟೊ ತೆಗೆದವರು ಸತ್ತ ಮೇಲೆ 60 ವರ್ಷ. 1866ರ ಪುಸ್ತಕದ ಹಕ್ಕು ನಮ್ಮ ಅಜ್ಜಂದಿರ ಕಾಲಕ್ಕೇ ಮುಗಿದಿದೆ. ಅಂಥ ಚಿತ್ರದ ಮೇಲೆ ಯಾರೋ ತಮ್ಮ ಹೆಸರಿನ ಮುದ್ರೆ ಒತ್ತಿ, ರೈಟ್ ಕ್ಲಿಕ್ ತಡೆದು ಕೂತಿದ್ರೆ, ಅವರು ಕಾಯ್ತಿರೋದು ತಮ್ಮ ಮನೆಯ ಬಾಗಿಲನ್ನಲ್ಲ, ಊರ ಕೆರೆಯನ್ನ.

ಭಾಗ 7/8 🛡️

ಈಗ ನಾಣ್ಯದ ಇನ್ನೊಂದು ಮುಖ. ಇದನ್ನ ಓದದೆ ಸ್ವೈಪ್ ಮಾಡ್ಬೇಡಿ.

2017ರ ಜೂನ್‌ನಲ್ಲಿ ಫೇಸ್‌ಬುಕ್ ಒಂದು ಹೊಸ ಸೌಲಭ್ಯವನ್ನ ಭಾರತದಲ್ಲೇ ಮೊದಲು ತಂತು: ಪ್ರೊಫೈಲ್ ಪಿಕ್ಚರ್ ಗಾರ್ಡ್. ಆನ್ ಮಾಡಿದ್ರೆ ಫೋಟೊ ಸುತ್ತ ನೀಲಿ ಅಂಚು, ಒಂದು ಗುರಾಣಿ. ಬೇರೆಯವರು ಅದನ್ನ ಡೌನ್‌ಲೋಡ್ ಮಾಡೋ ಹಾಗಿಲ್ಲ, ಶೇರ್ ಮಾಡೋ ಹಾಗಿಲ್ಲ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಸಾಧ್ಯವಾದ ಕಡೆ ಸ್ಕ್ರೀನ್‌ಶಾಟ್‌ಗೂ ತಡೆ.

ಭಾರತದಲ್ಲೇ ಯಾಕೆ ಮೊದಲು? ಇಲ್ಲಿನ ಎಷ್ಟೋ ಹೆಣ್ಣುಮಕ್ಕಳು ಜಾಲದಲ್ಲಿ ತಮ್ಮ ಮುಖ ಇರೋ ಫೋಟೊವನ್ನೇ ಹಾಕ್ತಿರಲಿಲ್ಲ. ಯಾರೋ ಅದನ್ನ ಕದ್ದು ಏನು ಮಾಡ್ತಾರೋ ಅನ್ನೋ ಭಯ. ಹೂವು, ಗೊಂಬೆ, ಸಿನಿಮಾ ನಟಿ, ಇಂಥ ಡಿಪಿಗಳನ್ನ ನೀವೂ ನೋಡಿರ್ತೀರಿ. ಫೋಟೊ ಮೇಲೆ ಒಂದು ವಿನ್ಯಾಸದ ಪದರ ಹಾಕಿದ್ರೂ ಕದಿಯೋರು ಶೇ 75ರಷ್ಟು ಕಡಿಮೆ ಆಗ್ತಾರೆ ಅಂತ ಕಂಪನಿ ತನ್ನ ಆರಂಭಿಕ ಪರೀಕ್ಷೆಯ ಆಧಾರದ ಮೇಲೆ ಹೇಳಿಕೊಂಡಿತ್ತು.

ತಂತ್ರದ ದೃಷ್ಟಿಯಿಂದ ಈ ಗುರಾಣಿಯೂ ಗಟ್ಟಿ ಅಲ್ಲ. ಇನ್ನೊಂದು ಫೋನ್ ತಗೊಂಡು ಪರದೆಯ ಫೋಟೊ ಹೊಡೆದ್ರೆ ಮುಗೀತು. ಆದ್ರೂ ಇದು ಲಂಡನ್ ಗ್ಯಾಲರಿಯ ಬೀಗದಂಥದ್ದಲ್ಲ. ಅಲ್ಲಿ ಕಾದಿದ್ದು ಸತ್ತ ರಾಜರ ಮುಖಗಳನ್ನ. ಇಲ್ಲಿ ಕಾಯ್ತಿರೋದು ನಾಳೆ ಕ್ಲಾಸಿಗೆ ಬರಬೇಕಾದ ಹುಡುಗಿಯ ಮುಖವನ್ನ.

ಭಾಗ 8/8 ✋

ಹಾಗಾದ್ರೆ ಏನು ಮಾಡೋದು? ಬೀಗ ಎರಡೂ ಕಡೆ ಒಂದೇ ಥರ ಕಾಣುತ್ತೆ, ಬಾಗಿಲ ಹಿಂದೆ ಇರೋರು ಮಾತ್ರ ಬೇರೆ. ಅದಕ್ಕೇ ಸೇವ್ ಮಾಡೋ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ಳಿ.

ಒಂದು, ಚಿತ್ರ ಎಷ್ಟು ಹಳೇದು? ಹಕ್ಕಿನ ಕಾಲ ಮುಗಿದಿದ್ರೆ ಅದು ಎಲ್ಲರದ್ದು. ತಗೊಳ್ಳಿ. ಯಾರು, ಯಾವಾಗ ತೆಗೆದಿದ್ದು ಅಂತ ಬರೆದಿಡೋದು ಮಾತ್ರ ಮರೀಬೇಡಿ.

ಎರಡು, ಅದನ್ನ ಮಾಡಿದವರು ಅದರಿಂದಲೇ ಅನ್ನ ತಿಂತಿದ್ದಾರಾ? ಭಾರತದ ಕಾಪಿರೈಟ್ ಕಾಯ್ದೆ, 52ನೇ ಸೆಕ್ಷನ್‌ನಲ್ಲಿ, ಸ್ವಂತ ಬಳಕೆಗೆ, ಸಂಶೋಧನೆಗೆ ನ್ಯಾಯಯುತವಾಗಿ ಬಳಸೋಕೆ ಜಾಗ ಕೊಟ್ಟಿದೆ. ನೋಟ್ಸ್‌ನಲ್ಲಿ ಇಟ್ಕೊಳ್ಳೋದು ಬೇರೆ, ನಿಮ್ಮ ಪೇಜ್‌ನಲ್ಲಿ ಹಾಕಿ ಲೈಕ್ ಗಿಟ್ಟಿಸೋದು ಬೇರೆ. 2012ರ ತಿದ್ದುಪಡಿಯಲ್ಲಿ ಬಂದ 65ಎ ಸೆಕ್ಷನ್ ಪ್ರಕಾರ, ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ತಾಂತ್ರಿಕ ರಕ್ಷಣೆ ಮುರಿಯೋದು ಅಪರಾಧ. ಬೇಕಿದ್ರೆ ಒಂದು ಮೆಸೇಜ್ ಹಾಕಿ ಕೇಳಿ. ಎಷ್ಟೋ ಜನ ಖುಷಿಯಿಂದ ಕೊಡ್ತಾರೆ, ಇನ್ನೂ ದೊಡ್ಡ ಫೈಲನ್ನೇ ಕಳಿಸ್ತಾರೆ.

ಮೂರು, ಅದರಲ್ಲಿ ಬದುಕಿರೋ ಒಬ್ಬರ ಮುಖ ಇದೆಯಾ? ಇದ್ರೆ, ಕೇಳದೆ ಮುಟ್ಟಬೇಡಿ. ಇದಕ್ಕೆ ಸೆಕ್ಷನ್ ಹುಡುಕೋದೂ ಬೇಡ.

ಬ್ರೌಸರ್ ನಿಮಗೆ ಚಿತ್ರ ಕೊಟ್ಟಾಗಿದೆ. ಇಟ್ಕೊಳ್ಳಬೇಕೋ ಬೇಡವೋ ಅನ್ನೋದನ್ನ ಅದು ನಿಮಗೆ ಬಿಟ್ಟಿದೆ.

ನಿಮ್ಮೂರಿನ ಹಳೇ ಫೋಟೊ ಯಾವುದಾದ್ರೂ ಜಾಲದಲ್ಲಿ ನೋಡಿದೀರಾ? ಯಾರು ತೆಗೆದಿದ್ದು, ಯಾವ ವರ್ಷದ್ದು ಅಂತ ಕಾಮೆಂಟ್‌ನಲ್ಲಿ ಬರೀರಿ. 👇

#ಇತಿಹಾಸ #ಹಂಪಿ #ಹಳೇಫೋಟೊ #ಕಾಪಿರೈಟ್ #ಕನ್ನಡ