ಬಳ್ಳಿ, ಡೋಲು, ಪಾಡ್ದನ: ಕೊರಗರ ಚರಿತ್ರೆಗೆ ಯಾವುದು ಆಧಾರ?

ತುಳುನಾಡಿನ ಬುಡಕಟ್ಟಾದ ಕೊರಗರ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಶುರುಮಾಡುವುದು ಒಂದೇ ಕಥೆಯಿಂದ. ಹುಬಾಷಿಕನೆಂಬ ದೊರೆ ಕೊರಗರ ಪಡೆ ಕಟ್ಟಿಕೊಂಡು ಬಂದು ಕದಂಬರನ್ನು ಓಡಿಸಿ ತುಳುನಾಡನ್ನು ಹನ್ನೆರಡು ವರ್ಷ ಆಳಿದ. ಸೋತವರು ಹೆಣ್ಣು ಕೊಡುವ ನೆಪದಲ್ಲಿ ಅವನನ್ನು ಮದುವೆಗೆ ಕರೆದು ಪರಿವಾರದೊಂದಿಗೆ ಕೊಂದರು. ಬದುಕಿ ಉಳಿದವರು ಕಾಡು ಸೇರಿದರು. 1801ರಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಹುಬಾಷಿಕನ ಐತಿಹ್ಯವನ್ನು ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ. ಪುಸ್ತಕ ಅಚ್ಚಾದದ್ದು 1807ರಲ್ಲಿ. ಮದರಾಸು ಸಿವಿಲ್ ಸರ್ವಿಸಿನ ವಾಲ್‌ಹೌಸ್, 1909ರಲ್ಲಿ ಎಡ್ಗರ್ ಥರ್ಸ್ಟನ್, ಅನಂತರ ನಮ್ಮವರೇ ಹಲವರು ಅದನ್ನು ಮುಂದುವರಿಸಿದರು. ತಾಳಗುಂದದ ಕದಂಬ ಶಾಸನದಲ್ಲಿ ಅಂಥ ಅರಸನ ಸುಳಿವಿಲ್ಲ. ನನ್ನ ಗುಮಾನಿ ಅದಕ್ಕಿಂತ ಆಚಿನದು. ಕೆಳಗೆ ತಳ್ಳಿದವರಿಗೂ ಈ ಕಥೆ ಅನುಕೂಲದ್ದೇ. ಯುದ್ಧದಲ್ಲಿ ಸೋತವರ ಪಾಡು ಇಷ್ಟೇ ಎಂದುಬಿಟ್ಟರೆ ಬುಕಾನನ್ ಕಣ್ಣಾರೆ ಕಂಡ ಜೀತದ ಲೆಕ್ಕ ಕೇಳುವವರಿಲ್ಲ. ಆ ಜೀತಕ್ಕಿದ್ದ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ.

ತುಳುವಿನ ಕಥನಗೀತೆಯಾದ ಪಾಡ್ದನದ ಸಂಗತಿಯೂ ಸರಳವಲ್ಲ. ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲೇ ಮಂಗಳೂರಿನಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿಸಿದ. ಕೊರಗ ತನಿಯನ ಪಾಡ್ದನಕ್ಕೆ ಪಾಠಾಂತರಗಳು ಹಲವು. ತಬ್ಬಲಿ ಹುಡುಗನನ್ನು ಶೇಂದಿ ಮಾರುವ ಬಿಲ್ಲವ ಹೆಂಗಸು ಬೈದೆದಿ ಸಾಕುತ್ತಾಳೆ. ದೇವಸ್ಥಾನಕ್ಕೆ ಹೊರೆ ಹೊತ್ತು ತಂದ ಅವನಿಗೆ ಒಳಗೆ ಹೋಗುವ ಹಕ್ಕಿಲ್ಲ. ಕೊನೆಗೆ ಮಾಯವಾಗಿ ದೈವವಾಗುತ್ತಾನೆ. ಹುಬಾಷಿಕನ ಕಥೆಯಲ್ಲಿ ಇಲ್ಲದ್ದು ಇಲ್ಲಿದೆ: ಹೊರೆ ಒಳಗೆ ಸಲ್ಲುತ್ತದೆ, ಹೊತ್ತವನು ಸಲ್ಲುವುದಿಲ್ಲ. ಇದಕ್ಕಿಂತ ಖಚಿತವಾದ ಸಾಮಾಜಿಕ ದಾಖಲೆ ಬೇರೆಲ್ಲಿದೆ? ಆದರೆ ಕೊರಗಜ್ಜನೆಂದು ಪೂಜೆಗೊಳ್ಳುವ ಈ ತನಿಯನ ಕೋಲ ಕಟ್ಟುವವರು ಹೆಚ್ಚಾಗಿ ನಲಿಕೆ ಸಮುದಾಯದವರು, ಹರಕೆ ಹೇಳುವವರು ಎಲ್ಲ ಜಾತಿಯವರು. ಕೊರಗರು ತಮ್ಮೊಳಗೆ ಏನು ಹೇಳಿಕೊಂಡರು ಎಂಬುದು ಅದರಿಂದ ಪೂರ್ತಿ ತಿಳಿಯುವುದಿಲ್ಲ. ಅವರಿಗೆ ತಮ್ಮದೇ ಭಾಷೆಯಿದೆ. ಹೊರಗಿನವರೆದುರು ತುಳು, ಮನೆಯೊಳಗೆ ಕೊರಗ. ಡಿ. ಎನ್. ಶಂಕರ ಭಟ್ಟರು ಅದರ ವ್ಯಾಕರಣವನ್ನು 1971ರಲ್ಲಿ ಪ್ರಕಟಿಸಿ, ಅದರ ಕೆಲವು ಲಕ್ಷಣಗಳು ದೂರದ ಕುರುಖ್, ಮಾಲ್ತೊ ಭಾಷೆಗಳಿಗೆ ಹತ್ತಿರ ಎಂದರು. ಹುಬಾಷಿಕ ಎಲ್ಲಿಂದ ಬಂದ ಎಂದು ತಲೆಕೆಡಿಸಿಕೊಳ್ಳುವವರು ಮೊದಲು ಈ ವ್ಯಾಕರಣ ಓದಲಿ.

ಹಾಗಾಗಿ ನಾನು ಆಧಾರ ಹುಡುಕುವುದು ಬುಟ್ಟಿಯಲ್ಲಿ. ಗದ್ದೆಗೆ ಗೊಬ್ಬರ ಹೊರುವ ಹೆಡಿಗೆ, ಅಕ್ಕಿ ಗೇರುವ ತಡ್ಪೆ, ಗಂಜಿ ಬಸಿಯುವ ಕುಡುಪು, ಮೀನಿನ ಬುಟ್ಟಿ, ಕೂಸಿನ ತೊಟ್ಟಿಲು: ಉಡುಪಿ ಬಳಿಯ ಕೆಮ್ಮಣ್ಣಿನಂಥ ಹೊಳೆಬದಿಯ ಊರಿನ ಬೇಸಾಯ, ಮೀನುಗಾರಿಕೆ, ಅಡುಗೆ ಮೂರೂ ಕೊರಗರ ಕೈಕೆಲಸದ ಮೇಲೆ ನಿಂತಿದ್ದವು. ಬಿದಿರು, ಬೆತ್ತ, ಕಾಡುಬಳ್ಳಿ ಇದರ ಕಚ್ಚಾ ಮಾಲು. ಯಾವ ಬಳ್ಳಿ ಎಳೆಯದು, ಯಾವುದು ಬಲಿತದ್ದು, ಯಾವುದು ನೀರು ಕುಡಿದರೂ ಕೊಳೆಯದು, ಎಲ್ಲಿ ಕೊಯ್ದರೆ ಬುಡ ಮತ್ತೆ ಚಿಗುರುತ್ತದೆ ಎಂಬುದು ಬರೆದಿಟ್ಟ ವಿದ್ಯೆಯಲ್ಲ. ಬಳ್ಳಿ ಸೀಳಿ, ಹೆರೆದು, ತಳ ಹಾಕುವಷ್ಟರಲ್ಲಿ ಪಕ್ಕದಲ್ಲಿ ಕೂತ ಮಗುವಿಗೆ ಅದು ದಾಟುತ್ತದೆ. ಹೆಣೆಯುವುದರಲ್ಲಿ ಹೆಂಗಸರ ಪಾಲು ದೊಡ್ಡದು. ಅಧಿಕಾರಿಗಳ ಬರಹಗಳಲ್ಲಿ ಅವರು ಕಾಣುವುದು ಸೊಪ್ಪು ಉಟ್ಟವರಾಗಿ ಮಾತ್ರ. ವಾಲ್‌ಹೌಸ್ 1875ರಲ್ಲಿ ಬರೆದ ಲೇಖನದ ತಲೆಬರಹದಲ್ಲಿಯೇ ಎಲೆಯುಡುಗೆಯಿದೆ, ಕೈಯ ಕೌಶಲವಿಲ್ಲ.

ಡೋಲಿನ ಚರಿತ್ರೆ ಕಹಿ. ಕೊರಗರು ಕಂಬಳದ ಹಿಂದಿನ ರಾತ್ರಿ ಡೋಲು ಬಾರಿಸಬೇಕಿತ್ತು, ಕೋಣಗಳಿಗಿಂತ ಮೊದಲು ಕೆಸರುಗದ್ದೆಯಲ್ಲಿ ಓಡಬೇಕಿತ್ತು, ಉಗುರು ಕೂದಲು ಬೆರೆಸಿದ ಅನ್ನ ತಿನ್ನಬೇಕಿತ್ತು. ಈ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ ತಂದದ್ದು 2000ದಲ್ಲಿ. ಕಾಯ್ದೆಯ ಹಿಂದೆ ಹೋರಾಟವಿತ್ತು: ಭೂಮಿಗಾಗಿ 1993ರ ಆಗಸ್ಟ್ 18ರಂದು ಮಂಗಳೂರಿನಲ್ಲಿ ನಡೆದ ಮೆರವಣಿಗೆ, ಕೊರಗರ ಸ್ಥಿತಿಗತಿ ಅಧ್ಯಯನ ಮಾಡಿದ ಮಹಮ್ಮದ್ ಪೀರ್ ಸಮಿತಿಯ ವರದಿ, ಕಾಪು ಕಡೆಯ ಪೆರ್ನಾಲಿನ ಸಮಗ್ರ ಗ್ರಾಮೀಣ ಆಶ್ರಮದ ಸಂಘಟನೆ. ಅಂದಿನಿಂದ ಆಗಸ್ಟ್ 18 ಭೂಮಿ ಹಬ್ಬವಾಗಿದೆ. ಆ ದಿನ ಡೋಲು ಮೊಳಗುವುದು ಯಾರ ಅಪ್ಪಣೆಯಿಂದಲೂ ಅಲ್ಲ. ಡೋಲನ್ನು ಮುಟ್ಟುವುದೇ ಬೇಡ ಎನ್ನುವ ಯುವಕರೂ ಇದ್ದಾರೆ. ಜಾನಪದದ ಹೆಸರಿನಲ್ಲಿ ಅವರನ್ನು ಒತ್ತಾಯಿಸುವ ಅಧಿಕಾರ ನಮ್ಮಂಥ ಸಂಶೋಧಕರಿಗಿಲ್ಲ.

ಬಳ್ಳಿಯ ವಿದ್ಯೆಯಂತೆ ಹಿರಿಯರ ಪಕ್ಕದಲ್ಲಿದ್ದು ಕಲಿಯುವ ಬದುಕು ಬೇರೆಡೆಯೂ ಇದೆ. ಕೆನಡಾದ ಉತ್ತರದ ಕಾಡಿನ ಕ್ರೀ ಜನರಲ್ಲಿ ಅವರ ಪುರಾಣನಾಯಕ ವಿಸಾಕೆಚಾಕನ ಕಥೆಗಳನ್ನು ಚಳಿಗಾಲದಲ್ಲೇ ಹೇಳುವ ರೂಢಿ. ಹಿಮಪಾದುಕೆ ಹೆಣೆಯುವುದು, ಬಲೆ ಒಡ್ಡುವುದು, ಹೆಬ್ಬಾತುಗಳ ಬೇಟೆ ಎಲ್ಲವೂ ಹಿರಿಯರ ಜೊತೆ ಕಾಡಿನಲ್ಲಿದ್ದೇ ಕಲಿಯುವಂಥವು. ಮಕ್ಕಳನ್ನು ವಸತಿ ಶಾಲೆಗಳಿಗೆ ಎಳೆದೊಯ್ದು ಈ ಕೊಂಡಿಯನ್ನು ಕಡಿದದ್ದು ಅಲ್ಲಿನ ಸರ್ಕಾರವೇ. ಜಲವಿದ್ಯುತ್ ಯೋಜನೆಯ ವಿರುದ್ಧ ಹೋರಾಡಿದ ಕ್ವಿಬೆಕ್ಕಿನ ಕ್ರೀಗಳು 1975ರ ಜೇಮ್ಸ್ ಬೇ ಒಪ್ಪಂದದಲ್ಲಿ ತಮ್ಮದೇ ಶಾಲಾ ಮಂಡಳಿಯನ್ನೂ ಬೇಟೆಗಾರ ಕುಟುಂಬಗಳಿಗೆ ಆದಾಯ ಭದ್ರತೆಯನ್ನೂ ಪಡೆದರು. ವಸಂತದ ಹೆಬ್ಬಾತು ಬೇಟೆಗೆ ಅಲ್ಲಿ ಶಾಲೆಗೇ ರಜೆ. ಕೊರಗರಿಗೆ 1986ರಲ್ಲಿ ಮೂಲ ಬುಡಕಟ್ಟಿನ ಮಾನ್ಯತೆ ಸಿಕ್ಕಿದೆ, ಬಳ್ಳಿ ಕೊಯ್ಯುವುದಕ್ಕೆ ರಜೆ ಕೊಡುವ ಶಾಲೆಯನ್ನು ಇಲ್ಲಿ ಯಾರೂ ಯೋಚಿಸಿದಂತಿಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅವರ ಸಂಖ್ಯೆ 14,794. 2001ರಲ್ಲಿ 16,071 ಇತ್ತು.

ಹಿರಿಯರ ಮಾತಿಗೆ ಕಾನೂನು ಈಗ ಬೆಲೆ ಕೊಡುತ್ತದೆ. ಕೆನಡಾದ ಸುಪ್ರೀಂ ಕೋರ್ಟು 1997ರ ಡೆಲ್ಗಾಮೂಕ್ ತೀರ್ಪಿನಲ್ಲಿ ಮೌಖಿಕ ಚರಿತ್ರೆಯನ್ನು ಸಾಕ್ಷ್ಯವೆಂದು ಒಪ್ಪಿತು. ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿಯೂ ಹಿರಿಯರ ಹೇಳಿಕೆಯನ್ನು ಬರೆಸಿಕೊಂಡು ಪುರಾವೆಯಾಗಿ ಸಲ್ಲಿಸಬಹುದು; ಬಿದಿರು, ಬೆತ್ತಗಳು ಕಿರು ಅರಣ್ಯ ಉತ್ಪನ್ನದ ಪಟ್ಟಿಯಲ್ಲಿವೆ. ಯಾವ ಗುಡ್ಡದಲ್ಲಿ ಯಾವ ಬಳ್ಳಿ ಕೊಯ್ಯುತ್ತಿದ್ದೆವು ಎಂದು ಕಾರ್ಕಳದ ಘಟ್ಟದ ಬುಡದಲ್ಲಿರುವ ಅಜ್ಜಿ ಕೊರಗ ಭಾಷೆಯಲ್ಲಿ ಹೇಳಿದ್ದನ್ನು ದಾಖಲಿಸಿದರೆ ಅದು ಜಾನಪದವೂ ಹೌದು, ಹಕ್ಕುಪತ್ರದ ಅರ್ಜಿಗೆ ಲಗತ್ತಿಸುವ ಕಾಗದವೂ ಹೌದು. ಆದರೆ ಕಾಯ್ದೆ ಅನ್ವಯಿಸುವುದು ಅರಣ್ಯವೆಂದು ಗುರುತಾದ ನೆಲಕ್ಕೆ. ಕರಾವಳಿಯ ಊರುಗಳಲ್ಲಿ ಬಳ್ಳಿ ಬೆಳೆಯುವುದು ಹೊಳೆದಂಡೆಯಲ್ಲಿ, ಬನದಲ್ಲಿ, ಯಾರದೋ ತೋಟದ ಬೇಲಿಯಲ್ಲಿ. ಅಲ್ಲಿ ಕತ್ತಿ ಹಾಕಲು ಇವತ್ತಿಗೂ ತೋಟದ ಯಜಮಾನರನ್ನೇ ಕೇಳಬೇಕು.