ಪೆರಂಬೂರಿನ ಮನೆ ಮತ್ತು ಬೀದಿ: ಕಟ್ಟಡದ ಅನುಮತಿಯ ಚರಿತ್ರೆ

ಪಟ್ಟಣದ ಮನೆಯೊಂದಕ್ಕೆ ಹಿಂದುಗಡೆ ಒಂದು ಕೋಣೆಯನ್ನು ಸೇರಿಸುವುದು, ಮುಂದುಗಡೆ ಮೋಟಾರು ಗಾಡಿಗೆ ತಾವು ಮಾಡುವುದು ಮೇಲ್ನೋಟಕ್ಕೆ ಗೃಹಕೃತ್ಯದ ಸಣ್ಣ ಸಂಗತಿಗಳಾಗಿ ತೋರುತ್ತವೆ. ಆದರೆ ಇವಕ್ಕೆ ಅನುಮತಿ ಬೇಕೆಂಬ ನಿಯಮದ ಹಿಂದೆ ಶತಮಾನವನ್ನು ಮೀರಿದ ಚರಿತ್ರೆಯಿದೆ. ಅದನ್ನು ಪರಿಶೀಲಿಸುವುದಕ್ಕೆ ಮದರಾಸಿನ, ಎಂದರೆ ಇಂದಿನ ಚೆನ್ನೈಯ, ಉತ್ತರ ಭಾಗದಲ್ಲಿರುವ ಪೆರಂಬೂರು ತಕ್ಕ ಸ್ಥಳವಾಗಿದೆ. ಮನೆಯ ಸುತ್ತ ನೆಲ ಬಿಡಬೇಕೆಂಬ ನಿಯಮ ಮೊದಲು ಹುಟ್ಟಿದುದು ಗಾಳಿಬೆಳಕಿನ ಸಲುವಾಗಿ. ವಾಹನದ ಬೇಡಿಕೆ ಬಹಳ ತಡವಾಗಿ ಬಂದು ಅದರೊಡನೆ ಸೇರಿಕೊಂಡಿತು. ಈ ಎರಡು ಉದ್ದೇಶಗಳೂ ಒಂದೇ ತುಂಡು ನೆಲವನ್ನು ಬೇಡುತ್ತಿರುವುದೇ ಇಂದಿನ ತೊಡಕಿನ ಮೂಲವೆನ್ನಬಹುದು.

ಪೆರಂಬೂರು 1742ರಲ್ಲಿ ವೇಪೇರಿ, ಪುದುಪಾಕ್ಕಂ ಮೊದಲಾದ ಹಳ್ಳಿಗಳೊಡನೆ ನವಾಬನಿಂದ ಇಂಗ್ಲಿಷ್ ಕಂಪನಿಯ ಕೈಸೇರಿತು. ಅದು ಹಳ್ಳಿಯ ರೂಪವನ್ನು ಕಳೆದುಕೊಂಡುದು ರೈಲಿನಿಂದ. ರಾಯಪುರಂನಿಂದ ಮೊದಲ ರೈಲು ಹೊರಟ 1856ರಲ್ಲೇ ಇಲ್ಲಿ ಮದರಾಸು ರೈಲ್ವೆಯ ಕಾರ್ಯಾಗಾರ ಸ್ಥಾಪಿತವಾಯಿತು. 1876ರಲ್ಲಿ ಬಕಿಂಗ್‌ಹ್ಯಾಂ ಗಿರಣಿಯೂ 1881ರಲ್ಲಿ ಕರ್ನಾಟಿಕ್ ಗಿರಣಿಯೂ ಬಂದುವು. 1920ರಲ್ಲಿ ಇವೆರಡೂ ಒಂದೇ ಕಂಪನಿಯಾದುವು. 1955ರ ಅಕ್ಟೋಬರ್ 2ರಂದು ಜವಾಹರಲಾಲ್ ನೆಹರೂ ಅವರು ರೈಲುಡಬ್ಬಿಗಳ ಕಾರ್ಖಾನೆಯನ್ನು ಉದ್ಘಾಟಿಸಿದರು. ಕೂಲಿಯವನು ಕೆಲಸದ ಸಮಯಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ವಾಸಿಸಬೇಕಾಗಿತ್ತು. ಆದುದರಿಂದ ಇಲ್ಲಿಯ ಹಳೆಯ ಬೀದಿಗಳು ಕಿರಿದು, ನಿವೇಶನಗಳು ಸಣ್ಣವು, ಎಷ್ಟೋ ಕಡೆ ಒಂದರ ಗೋಡೆಗೆ ಇನ್ನೊಂದರ ಗೋಡೆ ತಗುಲಿದ ಮನೆಗಳು. ಬೀದಿಯ ಕಡೆಗಿದ್ದ ತಿಣ್ಣೆ, ಎಂದರೆ ನಮ್ಮ ಕಡೆಯ ಜಗಲಿ, ಮನೆಗೂ ಬೀದಿಗೂ ನಡುವಣ ಎಲ್ಲೆಯಾಗಿತ್ತು. ಅದು ಮನೆಯವನ ಸ್ವತ್ತಾದರೂ ದಾರಿಹೋಕನು ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಾಗಿತ್ತು.

ಮನೆಕಟ್ಟುವವನ ಇಚ್ಛೆಗೆ ಕಾನೂನು ಕಡಿವಾಣ ಹಾಕಿದುದಕ್ಕೆ ರೋಗದ ಭಯವೇ ಮುಖ್ಯ ಕಾರಣ. 1898ರ ಪ್ಲೇಗಿನ ಹಾವಳಿಯಿಂದ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಹುಟ್ಟಿದುದು ಕನ್ನಡಿಗರಿಗೆ ತಿಳಿದ ವಿಷಯ. ಅದೇ ವರ್ಷ ಮುಂಬಯಿಯಲ್ಲಿಯೂ 1903ರಲ್ಲಿ ಮೈಸೂರಿನಲ್ಲಿಯೂ ನಗರ ಸುಧಾರಣಾ ಮಂಡಲಿಗಳು ಏರ್ಪಟ್ಟುವು. ಮದರಾಸಿನಲ್ಲಿ 1919ರ ನಗರ ಕಾರ್ಪೊರೇಷನ್ ಕಾಯಿದೆಯು ಮನೆ ಕಟ್ಟುವವನೂ ಇದ್ದ ಮನೆಯನ್ನು ಬೆಳೆಸುವವನೂ ನಕ್ಷೆಯನ್ನೊಪ್ಪಿಸಿ ಅನುಮತಿ ಪಡೆಯಬೇಕೆಂದು ವಿಧಿಸಿತು. ಇದರಲ್ಲಿ ರಕ್ಷಿಸಲ್ಪಟ್ಟುದು ಅರ್ಜಿದಾರನ ಹಿತಕ್ಕಿಂತ ಹೆಚ್ಚಾಗಿ ನೆರೆಮನೆಯವನ ಹಿತ. ಒಬ್ಬನು ಎಬ್ಬಿಸಿದ ಗೋಡೆಯು ಮತ್ತೊಬ್ಬನ ಕಿಟಕಿಯನ್ನು ಮುಚ್ಚಬಾರದೆಂಬುದೇ ಅದರ ತಾತ್ಪರ್ಯ.

ಇದೇ ಕಾಲದಲ್ಲಿ ಸ್ಕಾಟ್ಲೆಂಡಿನ ವಿದ್ವಾಂಸ ಪ್ಯಾಟ್ರಿಕ್ ಗೆಡ್ಡಿಸ್ 1915ರ ಆರಂಭದಲ್ಲಿ ಮದರಾಸಿನಲ್ಲಿ ನಗರಯೋಜನೆಯ ಪ್ರದರ್ಶನವನ್ನು ನಡೆಸಿದನು. ಅವನು ತಂದಿದ್ದ ಮೂಲ ಚಿತ್ರಗಳು ಎಂಡನ್ ಎಂಬ ಜರ್ಮನ್ ಯುದ್ಧನೌಕೆಗೆ ಬಲಿಯಾಗಿ ಸಮುದ್ರದ ಪಾಲಾಗಿದ್ದುವು. ಬೇರೆ ಚಿತ್ರಗಳನ್ನು ಕೂಡಿಸಿ ಪ್ರದರ್ಶನವನ್ನು ಸಿದ್ಧಪಡಿಸಬೇಕಾಯಿತು. ನೇರವಾದ ಅಗಲ ಬೀದಿಗಾಗಿ ಮನೆಗಳ ಸಾಲನ್ನೇ ಕೆಡಹುವುದನ್ನು ಗೆಡ್ಡಿಸ್ ಒಪ್ಪುತ್ತಿರಲಿಲ್ಲ. ಕೆಟ್ಟ ಭಾಗವನ್ನಷ್ಟೆ ತೆಗೆದು ಉಳಿದುದನ್ನು ಉಳಿಸಿಕೊಳ್ಳುವ ಮಿತವಾದ ಶಸ್ತ್ರಚಿಕಿತ್ಸೆ ಅವನ ಮಾರ್ಗವಾಗಿತ್ತು. 1920ರಲ್ಲಿ ಮದರಾಸು ನಗರಯೋಜನಾ ಕಾಯಿದೆಯು ಬಂದಿತು. ಬಳ್ಳಾರಿಯು 1953ರವರೆಗೂ ದಕ್ಷಿಣ ಕನ್ನಡವು 1956ರವರೆಗೂ ಮದರಾಸಿಗೆ ಸೇರಿದ್ದುದರಿಂದ ಪೆರಂಬೂರಿನ ಕಾಯಿದೆಯೇ ಮಂಗಳೂರಿನ ಕಾಯಿದೆಯೂ ಆಗಿತ್ತು. ಮೈಸೂರು ರಾಜ್ಯದ 1961ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆ 1965ರಲ್ಲಿ ಜಾರಿಗೆ ಬಂದಮೇಲೆ ಕನ್ನಡ ಜಿಲ್ಲೆಗಳ ದಾರಿ ಬೇರೆಯಾಯಿತು. ಕಾಸರಗೋಡಿನ ಮಟ್ಟಿಗೆ 1920ರ ಕಾಯಿದೆಯನ್ನು ರದ್ದುಪಡಿಸಿದುದು ಕೇರಳದ 2016ರ ಕಾಯಿದೆ.

ಅನುಮತಿಯ ಅರ್ಥವು ಹಿಗ್ಗಿದುದು ಎರಡನೆಯ ಮಹಾಯುದ್ಧದ ತರುವಾಯ. ಬ್ರಿಟನ್ನಿನ 1947ರ ಕಾಯಿದೆಯು ಕಟ್ಟುವುದನ್ನೂ ನೆಲದ ಬಳಕೆಯನ್ನು ಬದಲಿಸುವುದನ್ನೂ ‘ಅಭಿವೃದ್ಧಿ’ ಎಂಬ ಒಂದೇ ಪದದಲ್ಲಿ ಅಡಕಗೊಳಿಸಿ, ಅದಕ್ಕೆ ಅನುಮತಿಯನ್ನು ಕಡ್ಡಾಯ ಮಾಡಿತು. ಆದರೆ ಮರುವರ್ಷವೇ ಒಂದು ಸಾಮಾನ್ಯ ಆದೇಶದ ಮೂಲಕ ಸ್ವಂತ ಮನೆಯ ಸಣ್ಣ ವಿಸ್ತರಣೆಗಳನ್ನು ಅರ್ಜಿಯ ತೊಡಕಿನಿಂದ ಬಿಡಿಸಿತು. ತಮಿಳುನಾಡಿನ 1971ರ ಕಾಯಿದೆಯು ಇದೇ ವಿಶಾಲವಾದ ಅರ್ಥವನ್ನು ಸ್ವೀಕರಿಸಿತು. 1974ರಲ್ಲಿ ಮಹಾನಗರ ಅಭಿವೃದ್ಧಿ ಪ್ರಾಧಿಕಾರವು ಶಾಸನಬದ್ಧವಾಯಿತು. ಮುಂದೆ ಬಂದ ನಿಯಮಗಳಲ್ಲಿ ಗಾಳಿಬೆಳಕಿನ ಜೊತೆಗೆ ಗಾಡಿ ನಿಲ್ಲಿಸುವ ತಾವಿನ ಲೆಕ್ಕವೂ ಸೇರಿತು. ಬೀದಿಯು ಸಂಚಾರಕ್ಕಾಗಿ ಇರುವುದು, ಗಾಡಿಯನ್ನು ಅದರ ಒಡೆಯನು ತನ್ನ ನೆಲದಲ್ಲಿ ಇರಿಸಿಕೊಳ್ಳಲಿ ಎಂಬುದು ಇದರ ಯುಕ್ತಿ.

ಈ ಯುಕ್ತಿಯನ್ನು ಪೆರಂಬೂರಿನ ನಿವೇಶನದ ಮೇಲೆ ಇಟ್ಟು ನೋಡಬೇಕು. ಮದರಾಸಿನ ಅಳತೆಯಲ್ಲಿ ಒಂದು ‘ಗ್ರೌಂಡ್’ ಎಂದರೆ 2,400 ಚದರಡಿ. ಅರ್ಧ ಗ್ರೌಂಡಿನ ನಿವೇಶನವು 20 ಅಡಿ ಅಗಲ, 60 ಅಡಿ ಉದ್ದವಿದೆಯೆಂದು ಭಾವಿಸೋಣ. ಒಂದು ಕಾರಿಗೆ ಎರಡೂವರೆ ಮೀಟರು ಅಗಲ, ಐದು ಮೀಟರು ಉದ್ದದ ನೆಲ ಬೇಕು. ಒಟ್ಟು ವಿಸ್ತೀರ್ಣದಲ್ಲಿ ಇದು ಸುಮಾರು ಒಂಬತ್ತನೆಯ ಒಂದು ಭಾಗವಷ್ಟೆ. ಆದರೆ ಬೀದಿಗೆದುರಾದ ಅಗಲದಲ್ಲಿ ಐದರಲ್ಲಿ ಎರಡು ಪಾಲು ಹೋಗುತ್ತದೆ. ಹೋಗುವುದು ಯಾವುದು? ತಿಣ್ಣೆ, ಮುಂದಿನ ಕಿಟಕಿ, ಬೀದಿಯ ಗಾಳಿ. ಕಾರು ಒಳಗೆ ಹೋಗುವ ಬಾಗಿಲಿನ ಎದುರಿಗೆ ಬೇರಾರೂ ಗಾಡಿ ನಿಲ್ಲಿಸಲಾಗದು. ಹೀಗೆ ಒಬ್ಬನ ಅಂಗಳದಲ್ಲಿ ಒಂದು ತಾವು ಹುಟ್ಟುವಾಗ ಎಲ್ಲರ ಬೀದಿಯಲ್ಲಿ ಒಂದು ತಾವು ಅಳಿಯುತ್ತದೆ. ದೊಡ್ಡ ನಿವೇಶನದಲ್ಲಿ ಲಾಭವಾಗುವ ನಿಯಮವು ಅರ್ಧ ಗ್ರೌಂಡಿನಲ್ಲಿ ಲಾಭನಷ್ಟಗಳನ್ನು ಸರಿದೂಗಿಸಿ ಸುಮ್ಮನಾಗುತ್ತದೆ.

ಪಾಲಿಸಲು ಕಷ್ಟವಾದ ನಿಯಮವು ಮುರಿಯಲ್ಪಡುವುದು ಸಹಜ. ಮಕ್ಕಳಿಗೆ ಮದುವೆಯಾದಾಗ ಮಾಳಿಗೆಯ ಮೇಲೊಂದು ಕೋಣೆ, ಬಾಡಿಗೆಯ ಆಸರೆ ಬೇಕಾದಾಗ ಹಿತ್ತಿಲಿನಲ್ಲೊಂದು ಭಾಗ ಏಳುತ್ತವೆ. ಸರಕಾರವು ಇದಕ್ಕೆ ಕಂಡುಕೊಂಡ ಉಪಾಯ ಸಕ್ರಮೀಕರಣ. 1998ರಲ್ಲಿ 1971ರ ಕಾಯಿದೆಗೆ 113-ಎ ಎಂಬ ಕಲಮು ಸೇರಿ, ಶುಲ್ಕ ತೆತ್ತವರ ಉಲ್ಲಂಘನೆಗಳಿಗೆ ವಿನಾಯಿತಿ ದೊರೆಯಿತು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಒಂದು ಬಾರಿಯ ಕ್ರಮವೆಂದು ಎತ್ತಿಹಿಡಿಯಿತು. ಆದರೆ ವಿನಾಯಿತಿಯ ಗಡುವನ್ನು ಮತ್ತೆ ಮುಂದೂಡಲಾಯಿತು. ಇಂಥ ತಿದ್ದುಪಡಿಗಳ ವಿರುದ್ಧ ಮದರಾಸು ಉಚ್ಚ ನ್ಯಾಯಾಲಯವು 2006ರಲ್ಲಿ ತೀರ್ಪಿತ್ತಿತು. ಬಳಿಕ 2012ರಲ್ಲಿ 113-ಸಿ ಎಂಬ ಇನ್ನೊಂದು ಕಲಮು ಬಂದು 2007ರ ಜುಲೈ 1ರವರೆಗಿನ ಕಟ್ಟಡಗಳಿಗೆ ಬಾಗಿಲು ತೆರೆಯಿತು. ಇಲ್ಲಿ ವಿಚಾರಾರ್ಹವಾದ ಅಂಶವೊಂದಿದೆ: ಶುಲ್ಕವು ಬೊಕ್ಕಸಕ್ಕೆ ಸಲ್ಲುತ್ತದೆ, ಗಾಳಿಬೆಳಕನ್ನು ಕಳೆದುಕೊಂಡ ನೆರೆಮನೆಗೆ ಸಲ್ಲುವುದಿಲ್ಲ. ನಿಯಮದಂತೆ ನೆಲ ಬಿಟ್ಟು ಕಟ್ಟಿದವನು ತಾನೇ ಮೋಸಹೋದೆನೆಂದು ತಿಳಿಯುವಂತಾಗುತ್ತದೆ.

2019ರಲ್ಲಿ ಚದುರಿದ್ದ ಕಟ್ಟಡ ನಿಯಮಗಳು ರಾಜ್ಯಕ್ಕೆಲ್ಲ ಒಂದೇ ಸಂಹಿತೆಯಾದುವು. 2024ರ ಜುಲೈಯಲ್ಲಿ, 2,500 ಚದರಡಿಯವರೆಗಿನ ನಿವೇಶನದಲ್ಲಿ 3,500 ಚದರಡಿಯವರೆಗೆ, ನೆಲಮಾಳಿಗೆಯಿಲ್ಲದೆ ಕೆಳ ಅಂತಸ್ತು ಮತ್ತು ಒಂದು ಮಹಡಿಯ ಮನೆ ಕಟ್ಟುವವರಿಗೆ ಸ್ವಯಂ ದೃಢೀಕರಣದಿಂದ ಒಡನೆಯೇ ಅನುಮತಿ ದೊರೆಯುವ ಏರ್ಪಾಟು ಜಾರಿಗೆ ಬಂದಿತು. ಸಣ್ಣ ಮನೆಯನ್ನು ದೊಡ್ಡ ಕಟ್ಟಡದ ಅಳತೆಗೋಲಿನಿಂದ ಅಳೆಯಬಾರದೆಂಬ ವಿವೇಕ ಇದರಲ್ಲಿದೆ. ಆದರೆ ಪರೀಕ್ಷಕನ ಕಣ್ಣು ಹಿಂದೆ ಸರಿದಷ್ಟೂ ಮನೆಯೊಡೆಯನ ಮಾತಿನ ಭಾರ ಹೆಚ್ಚುತ್ತದೆ. ನಕ್ಷೆಯಲ್ಲಿ ತೋರಿಸಿದ ತೆರಪನ್ನು ನೆಲದ ಮೇಲೆಯೂ ಬಿಡುವ ಹೊಣೆ ಅವನದಾಗುತ್ತದೆ.

1996ರಲ್ಲಿ ಮುಚ್ಚಿದ ಗಿರಣಿಯ ನೆಲದಲ್ಲಿ ಈಗ ಬಹುಮಹಡಿ ವಸತಿಗಳೆದ್ದಿವೆ. ಅಲ್ಲಿ ಕಾರುಗಳಿಗೆ ಬೇಕಾದ ತಾವನ್ನು ಮೊದಲೇ ಲೆಕ್ಕಹಾಕಿ ಕಟ್ಟಬಹುದು. ಪಕ್ಕದ ಹಳೆಯ ಬೀದಿಗಳಿಗೆ ಆ ಅನುಕೂಲವಿಲ್ಲ. ಅಲ್ಲಿ ಗಾಳಿ ಮತ್ತು ಗಾಡಿ ಎರಡಕ್ಕೂ ನೆಲ ಸಾಲದಿರುವಾಗ ಯಾವುದಕ್ಕೆ ಮೊದಲ ಹಕ್ಕೆಂಬ ಪ್ರಶ್ನೆಗೆ ಕಾಯಿದೆಯ ಚರಿತ್ರೆಯೇ ಉತ್ತರ ಕೊಡುತ್ತದೆ. ನೆಲ ಬಿಡುವ ನಿಯಮ ಮನುಷ್ಯನ ಉಸಿರಿಗಾಗಿ ಹುಟ್ಟಿತು. ಗಾಡಿಗಳಿಗೆ ಬೀದಿಯವರೆಲ್ಲ ಕೂಡಿ ಬೇರೊಂದು ತಾವನ್ನು ಗೊತ್ತುಮಾಡಿಕೊಳ್ಳಬಹುದು; ಉಸಿರಾಟಕ್ಕೆ ಅಂತಹ ಬದಲಿ ಏರ್ಪಾಟು ಇಲ್ಲ.